ಸಾಲ್ಕಿನಾಯ್ ಕಚ್ಚಿಟ್ಟ ರೊಟ್ಟಿ

ಬಿಷ್ಕೆಕ್ ಪಟ್ಟಣದಲ್ಲಿ ಹೊಲಿಗೆ ಕಾರ್ಖಾನೆ ಇಟ್ಟುಕೊಂಡವರ ನಡುವೆ ಸಾಲ್ಕಿನಾಯ್‌ಗೆ ಒಳ್ಳೆಯ ಹೆಸರಿರಲಿಲ್ಲ. "ಅವಳಾ? ರೊಟ್ಟಿ ಮುಟ್ಟದವಳು" ಎನ್ನುತ್ತಿದ್ದರು. ನಮ್ಮಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಹುಡುಕಿದರೂ ಸಿಗುವುದಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದವರು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕಿಕೊಂಡೇ ಹೋಗಬೇಕು. ಜಗಳಕ್ಕೆ ಬಂದವರು ಕೂಡ ಅಷ್ಟು ಮಾಡುತ್ತಾರೆ. ಈ ಹೆಂಗಸು ಮಾಡುತ್ತಿರಲಿಲ್ಲ.

ಅವಳ ಕೆಲಸ ಅಂಥದ್ದು. ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆ ಏನಾದರೂ ಕಲಿಸುತ್ತವೆಯೇ, ಕಲಿತವರನ್ನು ಮೇಲೆ ಬರಲು ಬಿಡುತ್ತವೆಯೇ ಎಂದು ನೋಡಿ ತೀರ್ಪು ಹೇಳುವ ಸರ್ಕಾರಿ ಕಚೇರಿಯಲ್ಲಿ ಅವಳು ತಪಾಸಣೆ ಮಾಡುತ್ತಿದ್ದಳು. ತೀರ್ಪು ಚೆನ್ನಾಗಿ ಬಂದರೆ ಬಾಗಿಲಿಗೆ 'ಕಲಿಸುವ ಮನೆ' ಎಂದು ಬರೆದ ಹಿತ್ತಾಳೆ ಫಲಕ ಸಿಗುತ್ತದೆ. ಫಲಕ ಇರುವ ಕಡೆಗೆ ಬೆಟ್ಟದ ಹಳ್ಳಿಗಳಲ್ಲಿ ಶಾಲೆ ಮುಗಿಸಿದ ಹುಡುಗಿಯರನ್ನು ಸರ್ಕಾರವೇ ಕಳಿಸಿಕೊಡುತ್ತದೆ. ಕೆಲಸ ಕಲಿಯಲಿ ಎಂದು ಅಪ್ಪ ಅಮ್ಮ ನಂಬಿ ಬಸ್ಸು ಹತ್ತಿಸುತ್ತಾರೆ.

ಆ ಕಚೇರಿಯ ಹಿರಿಯರು ತಪಾಸಣೆ ಮಾಡುವ ರೀತಿಯೇ ಬೇರೆ. ಗೋಡೆಗೆ ಅಂಟಿಸಿದ ಚಾರ್ಟು ನೋಡುವುದು, ಮಾಲೀಕರ ಮೇಜಿನಲ್ಲಿ ಕುರಿಮಾಂಸ ಹೊಡೆಯುವುದು, ಅಂಗೈಯಿಂದ ಮುಖ ಸವರಿಕೊಂಡು ಆಮೀನ್ ಎಂದು ಏಳುವುದು, 'ಉತ್ತಮ' ಎಂದು ಬರೆದು ಮನೆ ಸೇರುವುದು. ಅವರನ್ನು ಕಳ್ಳರು ಎಂದರೆ ತಪ್ಪಾಗುತ್ತದೆ. ಒಬ್ಬರ ಉಪ್ಪು ತಿಂದ ಮೇಲೆ ಅವರ ಮುಖಕ್ಕೆ ಹೊಡೆದಂತೆ ಮಾತಾಡಲು ನಮ್ಮವರ ನಾಲಿಗೆ ಏಳುವುದಿಲ್ಲ, ಅಷ್ಟೇ. ಸಾಲ್ಕಿನಾಯ್‌ಗೂ ಏಳುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವಳು ತೀರ್ಪು ಹೇಳುವವರೆಗೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಹೇಳಿದ ಮೇಲೆ ಹೆಚ್ಚಿನ ಕಡೆ ಯಾರೂ ಕರೆಯುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲೇ ಮಿನಿಬಸ್ಸು ಹತ್ತುತ್ತಿದ್ದಳು.

ಅವಳು ಚಾರ್ಟನ್ನೂ ನೋಡುತ್ತಿರಲಿಲ್ಲ. ಹೊಲಿಯುವ ಹೆಂಗಸರ ಸಾಲಿನ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದಳು: "ಎಲ್ಲಾರೂ ಎದ್ದು ಬಲಗಡೆ ಕುರ್ಚಿಗೆ ಹೋಗಿ. ಪಕ್ಕದವಳ ಕೆಲಸ ಮಾಡಿ ತೋರಿಸಿ." ಕೋಟಿನ ತೋಳು ಹೊಲಿಯುವವಳಿಗೆ ಜೇಬು ಬರುತ್ತದೆಯೇ, ಜೇಬಿನವಳಿಗೆ ಒಳಪದರದ ಅಸ್ತರ್ ಬರುತ್ತದೆಯೇ ಎಂದು ಅರ್ಧ ಗಂಟೆಯಲ್ಲಿ ಬಯಲಾಗುತ್ತಿತ್ತು. ಮಾಲೀಕರು ಹಲ್ಲು ಕಡಿಯುತ್ತಿದ್ದರು.

ಈ ಕುರ್ಚಿಯ ಯೋಚನೆ ಅವಳಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಅವಳು ನಾರಿನ್ ಕಡೆಯ ಬೆಟ್ಟದ ಹಳ್ಳಿಯವಳು. ಶಾಲೆ ಮುಗಿದದ್ದೇ ಪಟ್ಟಣಕ್ಕೆ ಬಂದು ಬುರುಲ್ ಎಂಬುವಳ ಹೊಲಿಗೆ ಕಾರ್ಖಾನೆ ಸೇರಿದಳು. ಎಲ್ಲರ ಬಾಯಲ್ಲೂ ಅವಳು ಬುರುಲ್ ಎಜೆ. ಎಜೆ ಎಂದರೆ ಅಕ್ಕ, ಅಕ್ಕನ ಮಾತಿಗೆ ಎದುರು ಮಾತಿಲ್ಲ. ಎಜೆ ಅವಳನ್ನು ಜೇಬು ಹೊಲಿಯುವ ಮೆಷಿನ್ನಿನ ಮುಂದೆ ಕೂರಿಸಿದಳು. ಕೂತವಳು ವರ್ಷಗಟ್ಟಲೆ ಅಲ್ಲಿಂದ ಏಳಲಿಲ್ಲ. ಬಟ್ಟೆ ಕತ್ತರಿಸುವ ಜಾಗಕ್ಕೆ ದಪ್ಪ ಪರದೆ. ಆ ಪರದೆಯ ಹಿಂದೆ ಇಣುಕಿದರೆ ಬೈಗುಳ.

ಒಂದು ವರ್ಷ ಚಳಿಗಾಲಕ್ಕೆ ಮುಂಚೆ ಊರಿಗೆ ಹೋದಾಗ ಅವಳ ತಾಯಿ ಕಪ್ಪು ಉಣ್ಣೆಯ ಬಟ್ಟೆ ತಂದು ಮಡಿಲಿಗಿಟ್ಟಳು. "ಪಟ್ಟಣದಲ್ಲಿ ಕೋಟು ಹೊಲಿಯೋಳು ನನ್ನ ಮಗಳು. ನಿಮ್ಮಪ್ಪಂಗೊಂದು ಹೊಲಿದುಕೊಡು." ನೋಡಲು ನೆರೆಮನೆಯ ಹೆಂಗಸರೂ ಬಂದು ಕೂತರು. ಸಾಲ್ಕಿನಾಯ್ ಬಟ್ಟೆ ಬಿಡಿಸಿದಳು, ಮಡಿಸಿದಳು, ಮತ್ತೆ ಬಿಡಿಸಿದಳು. ಕತ್ತರಿ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವಳು ಮೂಲೆಯಿಂದ ಒಂದು ತುಂಡು ಕತ್ತರಿಸಿ ತನಗೆ ಬರುವುದನ್ನು ಹೊಲಿದಳು. ಅವಳಪ್ಪ ಅದರೊಳಗೆ ಕೈ ತೂರಿಸಿ ನೋಡಿ, "ಜೇಬು ಭಾಳ ಚೆನ್ನಾಗಿದೆ ಮಗಳೇ. ಇದಕ್ಕೊಂದು ಕೋಟು ಸಿಕ್ರೆ ಹೇಳು" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆಮೇಲೆ ಕುದುರೆ ಕಟ್ಟುವ ಕೊಟ್ಟಿಗೆಗೆ ಹೋಗಿ ಅತ್ತಳು.

ಪಟ್ಟಣಕ್ಕೆ ವಾಪಸು ಬಂದವಳೇ ನೇರವಾಗಿ ಬುರುಲ್ ಮುಂದೆ ನಿಂತಳು.

"ಎಜೆ, ನಂಗೆ ಕಾಲರ್ ಹೇಳಿಕೊಡಿ. ಕಟಿಂಗ್ ಹೇಳಿಕೊಡಿ."

"ಯಾಕೆ? ಜೇಬು ಬೇಜಾರಾಯ್ತಾ?"

"ಪೂರ್ತಿ ಕೋಟು ಹೊಲಿಯೋದು ಕಲೀಬೇಕು."

ಬುರುಲ್ ತನ್ನ ಚಿನ್ನದ ಹಲ್ಲು ತೋರಿಸಿ ನಕ್ಕಳು. "ಕಲಿತು ನನ್ನೆದುರಿಗೇ ಅಂಗಡಿ ಹಾಕೋಕಾ? ಜೇಬಿಗೆ ಹುಟ್ಟಿದ ಕೈ ನಿಂದು. ಹೋಗು, ಕೂತ್ಕೋ."

ಅವಳು ಕೂರಲಿಲ್ಲ. ಚೀಲ ತೆಗೆದುಕೊಂಡು ಹೊರಟಳು. ಇಸ್ತ್ರಿ ಮೇಜಿನ ಹತ್ತಿರ ಊಲ್ಕಾನ್ ಎಜೆ ತಡೆದಳು. ಹೊಲಿದು ಬಂದ ಕೋಟುಗಳಿಗೆ ಇಸ್ತ್ರಿ ಹಾಕುವ ಹೆಂಗಸು, ನಾಲಿಗೆ ಇಸ್ತ್ರಿಗಿಂತ ಬಿಸಿ. ತನ್ನ ಬುತ್ತಿಯಿಂದ ರೊಟ್ಟಿ ತೆಗೆದು ಸಾಲ್ಕಿನಾಯ್ ಬಾಯಿಗೆ ಹಿಡಿದಳು. "ಕಚ್ಚು."

ದೂರ ಹೋಗುವವರಿಗೆ ನಮ್ಮ ಮನೆಗಳಲ್ಲಿ ಮಾಡುವುದೇ ಇದು. ಹೋಗುವವರು ಒಂದು ಕಡೆ ಕಚ್ಚುತ್ತಾರೆ, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಗೆ ತೂಗುಹಾಕುತ್ತಾರೆ. ಹೋದವರು ಸುಖವಾಗಿ ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು. ಆದರೆ ಯಾರೂ ಕಾರ್ಖಾನೆಯಲ್ಲಿ ಇದನ್ನು ಮಾಡುವುದಿಲ್ಲ.

"ಎಜೆ, ಇದೇನು ನನ್ನ ಮನೇನಾ?" ಎಂದಳು ಸಾಲ್ಕಿನಾಯ್.

"ಇಷ್ಟು ವರ್ಷ ಇಲ್ಲೇ ಬಿದ್ದಿದ್ದೆಯಲ್ಲ, ಮನೆ ಅಲ್ದೆ ಇನ್ನೇನು? ಕಚ್ಚು ಸುಮ್ನೆ. ಏನಾದ್ರೂ ಕಲಿತ್ಕೊಂಡು ಬಾ. ಬರದೇ ಹೋದ್ರೆ ನಿನ್ನ ಕಾಲು ಮುರೀತೀನಿ."

ಸಾಲ್ಕಿನಾಯ್ ಕಚ್ಚಿದಳು. ಹಗಲು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು, ಸಂಜೆ ಹೊಲಿಗೆ ಶಾಲೆಗೆ ಹೋಗಿ ಕೋಟು ಕಲಿತಳು. ಮೊದಲನೆಯದು ಅಪ್ಪನಿಗೆ ಹೋಯಿತು, ಹಳೆಯ ಜೇಬು ಸಮೇತ. ಆಮೇಲೆ ಅದೇ ಶಾಲೆಯಲ್ಲಿ ಹುಡುಗಿಯರಿಗೆ ಹೇಳಿಕೊಟ್ಟಳು. ಅಲ್ಲಿಂದ ಈ ಕಚೇರಿಗೆ ಕರೆದರು. ಹೊಲಿಗೆ ಗೊತ್ತಿದ್ದವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಬುರುಲ್‌ಗೆ ಫಲಕ ಬೇಕಾಯಿತು.

ಕಚೇರಿಯ ಮುಖ್ಯಸ್ಥ ಕುಬಾತ್ ಸಾಲ್ಕಿನಾಯ್‌ಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಎಲ್ಲರೂ ಅವನನ್ನು ಬೈಕೆ, ಅಂದರೆ ಅಣ್ಣ, ಎನ್ನುತ್ತಿದ್ದರು. ಹೊಟ್ಟೆ ಮುಂದೆ, ಆಮೇಲೆ ಅವನು.

"ನೋಡಮ್ಮ, ಬುರುಲ್ ನಮಗೆ ಬೀಗಿತ್ತಿ. ಅವಳ ಮಗನಿಗೇ ನನ್ನ ಮಗಳನ್ನ ಕೊಟ್ಟಿರೋದು."

"ಹಾಗಾದ್ರೆ ಬೇರೆಯವರನ್ನ ಕಳಿಸಿ ಬೈಕೆ."

"ಅವಳೇ ನಿನ್ನನ್ನ ಕೇಳಿದಾಳೆ. ರೊಟ್ಟಿ ಮುಟ್ಟದೋಳೇ 'ಉತ್ತಮ' ಅಂತ ಬರೆದ್ರೆ ಊರಲ್ಲಿ ಯಾರೂ ತುಟಿ ಬಿಚ್ಚಲ್ಲ ಅಂತ. ನೀನು ಅವಳ ಉಪ್ಪು ತಿಂದು ಬೆಳೆದೋಳು ತಾನೇ?" ಅವನು ಮುಂದಕ್ಕೆ ಬಾಗಿದ. "ನಿನ್ನ ಕೆಲಸ ವರ್ಷ ವರ್ಷ ಮುಂದುವರಿಯೋದು ನನ್ನ ಸಹಿಯಿಂದ. ಮರೀಬೇಡ. ಊಟಕ್ಕೆ ನಾನೂ ಬರ್ತೀನಿ."

ಸಾಲ್ಕಿನಾಯ್ ತಪಾಸಣೆಗೆ ಹೊರಟ ದಿನ ಮಿನಿಬಸ್ಸಿನಲ್ಲಿ ಕೂತು ತನ್ನ ಕೆಲಸದ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದಳು, ಹೆದರಿದಳು. ಆದರೆ ಬಸ್ಸಿನಲ್ಲಿ ಎದುರಿಗೆ ಬೆಟ್ಟದಿಂದ ಬಂದ ಒಂದು ಹುಡುಗಿ ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿತ್ತು. ಅದು ಕಿಟಕಿಯ ಆಚೆ ಕಾಣುವ ಪ್ರತಿ ಕಟ್ಟಡವನ್ನೂ ತಾನು ಸೇರುವ ಕಾರ್ಖಾನೆ ಇದೇ ಇರಬೇಕು ಎನ್ನುವಂತೆ ನೋಡುತ್ತಿತ್ತು. ಬುರುಲ್ ಬಾಗಿಲಿಗೆ ಫಲಕ ಬಂದರೆ ಅಂಥವರನ್ನು ಸಾಲು ಸಾಲಾಗಿ ತಂದು ಜೇಬಿನ ಮುಂದೆ ಕೂರಿಸುತ್ತಾರೆ. ಅವಳ ಹೆದರಿಕೆ ಹೋಗಲಿಲ್ಲ, ಅದರ ಪಕ್ಕದಲ್ಲಿ ಸಿಟ್ಟು ಬಂದು ಕೂತಿತು.

ಕಾರ್ಖಾನೆಯ ಬಾಗಿಲ ಪಕ್ಕದ ಗೋಡೆಗೆ ಬುರುಲ್ ಆಗಲೇ ಒಂದು ಹೊಸ ಮೊಳೆ ಹೊಡೆಸಿಟ್ಟಿದ್ದಳು, ಫಲಕಕ್ಕೆ. ಒಳಗೆ 'ಕಲಿಕೆಯ ಕೋಣೆ' ಎಂದು ಹೊಸ ಕೋಣೆ, ಅದರಲ್ಲಿ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಕುರ್ಚಿಗಳು. ಮೇಜಿನ ಮೇಲೆ ಬಿಸಿ ರೊಟ್ಟಿ, ಜೇನು, ಕರಿದ ಹಿಟ್ಟಿನ ಉಂಡೆ ಬೋರ್ಸೊಕ್ ತುಂಬಿದ ತಟ್ಟೆಗಳು.

"ಬಾ ನನ್ನ ಹುಡುಗಿ," ಎಂದು ಬುರುಲ್ ಅಪ್ಪಿಕೊಂಡಳು. "ಎಷ್ಟು ಸಣ್ಣ ಆಗಿದೀಯ. ಸರ್ಕಾರ ಊಟ ಹಾಕಲ್ವಾ? ಮೊದಲು ಒಂದು ಚೂರು ಬಾಯಿಗೆ ಹಾಕ್ಕೋ."

"ಮೊದಲು ಕೆಲಸ, ಎಜೆ."

"ನನ್ನ ಮನೇಲೂ?"

"ನಿಮ್ಮ ಮನೇಲೂ."

ಬುರುಲ್ ಮುಖ ಕೆಂಪಾಯಿತು, ಆದರೂ ನಕ್ಕಳು. ಆ ನಗು ಏಕೆಂದು ಸಾಲ್ಕಿನಾಯ್‌ಗೆ ಆಗ ತಿಳಿಯಲಿಲ್ಲ. ಹೊಲಿಗೆಯ ಸಾಲಿನ ಮುಂದೆ ನಿಂತು, "ಎಲ್ಲಾರೂ ಎದ್ದು ಬಲಗಡೆ ಕುರ್ಚಿಗೆ" ಎನ್ನುವಷ್ಟರಲ್ಲಿ ಹೆಂಗಸರು ಎದ್ದೇಬಿಟ್ಟಿದ್ದರು. ಕಾಲರ್‌ನವಳು ತೋಳಿಗೆ, ತೋಳಿನವಳು ಜೇಬಿಗೆ, ಜೇಬಿನವಳು ಅಸ್ತರ್‌ಗೆ. ಮೆಷಿನ್ನುಗಳು ಗುಂಯ್ ಎಂದವು. ಹೊಲಿಗೆ ನೆಟ್ಟಗೆ ಬಂತು, ಎಲ್ಲಿಯೂ ಸುಕ್ಕಿಲ್ಲ. ಸಾಲ್ಕಿನಾಯ್ ಒಂದೊಂದನ್ನೂ ಎತ್ತಿ ನೋಡಿದಳು. ತಪ್ಪು ಹುಡುಕಿದರೂ ಸಿಗಲಿಲ್ಲ.

"ಹೇಗೆ?" ಎಂದಳು ಬುರುಲ್. "ಎಲ್ಲಾ ಕಾಲ ಒಂದೇ ಥರ ಇರುತ್ತಾ? ನಾನೂ ಬದಲಾಗಿದೀನಿ. ಬರೀತೀಯಾ ಈಗ?"

ಸಾಲ್ಕಿನಾಯ್‌ಗೆ ಸಂತೋಷವಾಗಬೇಕಿತ್ತು. ಕೆಲಸ ಉಳಿಯಿತು, ಸುಳ್ಳು ಹೇಳುವ ಕಷ್ಟ ತಪ್ಪಿತು, ಮೇಜಿನ ಮೇಲೆ ರೊಟ್ಟಿ ಬಿಸಿಯಾಗಿದೆ. ಆದರೆ ಒಂದು ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಬೇರೆ ಎಲ್ಲಾ ಕಡೆ ಹೆಂಗಸರು "ಯಾಕೆ?" ಎಂದು ಕೇಳುತ್ತಾರೆ. ನಗುತ್ತಾರೆ, ಗೊಣಗುತ್ತಾರೆ, ಕುರ್ಚಿಯ ಮೇಲಿನ ದಿಂಬು ಎತ್ತಿಕೊಳ್ಳುತ್ತಾರೆ. ಇಲ್ಲಿ ಒಬ್ಬಳೂ ಕೇಳಲಿಲ್ಲ. ಮಾತು ಮುಗಿಯುವ ಮುಂಚೆಯೇ ಎದ್ದರು. ಅವಳ ಕುರ್ಚಿಯ ಸುದ್ದಿ ಊರೆಲ್ಲಾ ಹರಡಿದ್ದು ಅವಳಿಗೇನು ಗೊತ್ತಿಲ್ಲದ್ದಲ್ಲ.

"ಎಲ್ಲಾರೂ ಮೊದಲಿನ ಜಾಗಕ್ಕೆ ಬನ್ನಿ," ಎಂದಳು. ಬಂದರು. "ಈಗ ಎಡಗಡೆ ಕುರ್ಚಿಗೆ ಹೋಗಿ."

ಯಾರೂ ಏಳಲಿಲ್ಲ. ಹೆಂಗಸರು ಬುರುಲ್ ಕಡೆ ನೋಡಿದರು. ಬುರುಲ್ ಗೋಡೆ ನೋಡಿದಳು. ಇಸ್ತ್ರಿ ಮೇಜಿನಿಂದ ಊಲ್ಕಾನ್ ಎಜೆ ಒಂದು ಸಲ ಕೆಮ್ಮಿದಳು, ಅದು ಕೆಮ್ಮಿನಂತೆ ಕೇಳಿಸಲಿಲ್ಲ.

ಕೊನೆಗೆ ಒಬ್ಬೊಬ್ಬರೇ ಎದ್ದು ಹೋಗಿ ಕೂತರು. ಜೇಬಿನ ಮೆಷಿನ್ನಿನಿಂದ ಬಂದ ಜಿಪಾರ್ ತೋಳಿನ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಸಾಲ್ಕಿನಾಯ್ ಮುಂಚೆ ಕೂರುತ್ತಿದ್ದ ಜೇಬಿನ ಕುರ್ಚಿಯೇ ಈಗ ಅವಳದು.

"ಹೊಲಿ," ಎಂದಳು ಸಾಲ್ಕಿನಾಯ್ ಮೆಲ್ಲಗೆ.

"ನಂಗೆ ಬರಲ್ಲ ಎಜೆ. ಬಲಗಡೇದು ಮಾತ್ರ ಹೇಳಿಕೊಟ್ಟಿದಾರೆ. ನೀವು ಬರ್ತೀರಿ ಅಂತ ಹೋದ ವಾರ."

"ಜೇಬಿಗೆ ಯಾವಾಗ ಕೂತೆ?"

"ಮದುವೆಗೆ ಮುಂಚೆ. ಈಗ ಮಗಳು ಶಾಲೆಗೆ ಹೋಗ್ತಾಳೆ."

ಆಗ ಬುರುಲ್‌ಳ ತಾಳ್ಮೆಯ ಕಟ್ಟೆಯೊಡೆಯಿತು. ಅವಳನ್ನು ಬರೀ ಕೆಟ್ಟವಳು ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ; ಅವಳೂ ಕೈ ಸುಟ್ಟುಕೊಂಡವಳೇ. "ಕಲಿಸಬೇಕಂತೆ, ಕಲಿಸಬೇಕು. ಒಬ್ಬಳಿಗೆ ಎಲ್ಲಾ ಕಲಿಸಿದ್ದೆ. ನನ್ನ ತಂಗಿ ಥರ ನೋಡ್ಕೊಂಡಿದ್ದೆ. ಗಂಡನ ಗ್ಯಾರೇಜಲ್ಲಿ ನಾಲ್ಕು ಮೆಷಿನ್ ಹಾಕಿ ನನ್ನ ಗಿರಾಕಿಗಳನ್ನೇ ಕರ್ಕೊಂಡು ಹೋದಳು. ಎದುರಿನ ಬೀದೀಲೇ ಇದಾಳೆ, ಹೋಗಿ ನೋಡು. ಅದಕ್ಕೆ ಯಾರು ತಪಾಸಣೆ ಮಾಡ್ತಾರೆ? ಕಲಿಸಿದ್ರೆ ಹೋಗ್ತಾರೆ."

"ನಂಗೆ ನೀವು ಏನೂ ಕಲಿಸಲಿಲ್ಲ ಎಜೆ," ಎಂದಳು ಸಾಲ್ಕಿನಾಯ್. "ನಾನೂ ಹೋದೆ."

ಬುರುಲ್ ಕೈ ಬೀಸಿ ಹೆಂಗಸರನ್ನು ಮೊದಲಿನ ಜಾಗಗಳಿಗೆ ಕಳಿಸಿದಳು.

ಸರಿಯಾಗಿ ಊಟದ ಹೊತ್ತಿಗೆ ಕುಬಾತ್ ಬಂದ. ಬಾಗಿಲಲ್ಲೇ ಮಾಂಸದ ವಾಸನೆ ಎಳೆದುಕೊಂಡು, "ಮುಗೀತಾ? ಉತ್ತಮ ತಾನೇ?" ಎಂದ.

ತೀರ್ಪನ್ನು ಕೆಲಸಗಾರರ ಎದುರಿಗೇ ಹೇಳಬೇಕು ಎಂದು ಕಚೇರಿಯ ನಿಯಮವಿದೆ. ಯಾರೂ ಪಾಲಿಸುತ್ತಿರಲಿಲ್ಲ. ಸಾಲ್ಕಿನಾಯ್ ಸಾಲಿನ ಕಡೆಗೆ ತಿರುಗಿ ನಿಂತಳು. "ಈ ಕಾರ್ಖಾನೇಲಿ ಕೆಲಸ ಮಾಡಿಸ್ಕೊಳ್ತಾರೆ, ಕೆಲಸ ಕಲಿಸಲ್ಲ. ಕಲೀತೀನಿ ಅಂದೋರನ್ನ ಕೂತಲ್ಲೇ ಕೂರಿಸ್ತಾರೆ. ಇದು ಕಲಿಸುವ ಮನೆ ಅಲ್ಲ. ಬೆಟ್ಟದಿಂದ ಒಂದು ಹುಡುಗೀನೂ ಇಲ್ಲಿಗೆ ಕಳಿಸಕೂಡದು. ನನ್ನ ತೀರ್ಪು ಇದೇ."

ಕುಬಾತ್ ನಕ್ಕು ಅದನ್ನು ತಮಾಷೆ ಮಾಡಲು ನೋಡಿದ. "ಹಸಿವು ಅವಳಿಗೆ. ಹೊಟ್ಟೆಗೆ ಬಿದ್ರೆ ಸರಿಹೋಗ್ತಾಳೆ. ಬಾಮ್ಮ, ಕೂತ್ಕೋ, ರೊಟ್ಟಿ ಮುರಿ."

"ಇಲ್ಲ ಬೈಕೆ."

"ಹಾಗಾದ್ರೆ ನಾಳೆಯಿಂದ ಕಚೇರಿಗೆ ಬರಬೇಡ. ಬೇರೆಯವರನ್ನ ಕಳಿಸ್ತೀನಿ, ಅವರು ಬರೀತಾರೆ."

"ಕಳಿಸಿ."

"ಕಳಿಸಿ ಬೈಕೆ," ಎಂದು ಇನ್ನೊಂದು ದನಿ ಬಂತು. ಜಿಪಾರ್ ಎದ್ದು ನಿಂತಿದ್ದಳು. "ಯಾರು ಬಂದ್ರೂ ನಾನು ತೋಳಿನ ಮುಂದೆ ಹೋಗಿ ಕೂರ್ತೀನಿ. ಬರಲ್ಲ ಅಂತೀನಿ."

"ನಾನೂ," ಎಂದಳು ಅಸ್ತರ್‌ನವಳು. ಗುಂಡಿಗೆ ಕಾಜಾ ಹಾಕುವವಳು ಎದ್ದು ಎಡಗಡೆಯ ಕುರ್ಚಿಗೆ ಹೋಗಿ ಕೂತಳು. ಅವಳ ಹಿಂದೆ ಇಡೀ ಸಾಲು ಒಂದೊಂದು ಜಾಗ ಸರಿಯಿತು. ಮೆಷಿನ್ನುಗಳು ಸುಮ್ಮನಿದ್ದವು. ಕುಬಾತ್‌ಗೆ ಊಟ ಬೇಡವಾಯಿತು, ಟೋಪಿ ಹಾಕಿಕೊಂಡು ಹೊರಟುಹೋದ.

ಬುರುಲ್ ಅವನ ಹಿಂದೆ ಹೋಗಲಿಲ್ಲ. ಸಾಲ್ಕಿನಾಯ್ ಕಡೆ ತಿರುಗಿದಳು. "ವರ್ಷಗಟ್ಟಲೆ ನನ್ನ ರೊಟ್ಟಿ ತಿಂದೆ. ಆ ಉಪ್ಪು ನಿನ್ನ ಕಣ್ಣು ಕಟ್ಟಲಿ."

ಉಪ್ಪಿನ ಋಣ ಮರೆತವರ ಕಣ್ಣು ಹೋಗಲಿ ಎನ್ನುವ ಇದು ನಮ್ಮಲ್ಲಿ ದೊಡ್ಡ ಶಾಪ. ಕೇಳಿದವರ ಮೈ ತಣ್ಣಗಾಯಿತು, ಸಾಲ್ಕಿನಾಯ್‌ಳದೂ. ಅವಳು ಉತ್ತರ ಕೊಡುವ ಮುಂಚೆ ಊಲ್ಕಾನ್ ಎಜೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯ ಮೇಲಿನ ಗೂಡಿನಿಂದ ಒಂದು ಬಟ್ಟೆಯ ಗಂಟು ಇಳಿಸಿದಳು. ಬಿಚ್ಚಿದಳು. ಒಳಗೆ ಒಣಗಿ ಕಲ್ಲಾದ ರೊಟ್ಟಿ, ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಹಲ್ಲಿನ ಗುರುತು.

"ಅವಳು ತಿಂದದ್ದು ಈ ರೊಟ್ಟಿ ಬುರುಲ್," ಎಂದಳು. "ನನ್ನ ಬುತ್ತಿದು. ನಿನ್ನ ಹತ್ರ ಅವಳು ದುಡಿದು ತಿಂದಳು, ಲೆಕ್ಕ ಅಲ್ಲಿಗೇ ಮುಗೀತು. ಉಪ್ಪಿನ ಮಾತಾಡೋ ಹಾಗಿದ್ರೆ ಬುತ್ತಿ ಹಂಚಿಕೊಂಡ ನಾವು ಮಾತಾಡಬೇಕು." ಆಮೇಲೆ ಸಾಲ್ಕಿನಾಯ್‌ಗೆ, "ಬಂದೆಯಲ್ಲ ಕತ್ತೆ. ಇಷ್ಟು ವರ್ಷ ಇಲಿಗಳಿಂದ ಕಾಪಾಡಿದೀನಿ. ಮುಗಿಸು."

ಸಾಲ್ಕಿನಾಯ್‌ಗೆ ಅಳು ಬಂತು, ತಡೆಯಲಿಲ್ಲ. ಬುರುಲ್‌ಳ ಹೊಳೆಯುವ ಮೇಜನ್ನು ಬಿಟ್ಟು ಹೆಂಗಸರು ಇಸ್ತ್ರಿ ಮೇಜಿನ ಸುತ್ತ ಬಂದು ನಿಂತರು. ಯಾರೋ ಬಟ್ಟಲಿಗೆ ಚಹಾ ಬಗ್ಗಿಸಿದರು. ರೊಟ್ಟಿಯನ್ನು ಮೇಜಿನ ಅಂಚಿಗೆ ಕುಟ್ಟಿ ಮುರಿಯಬೇಕಾಯಿತು. ಒಂದು ಚೂರು ಜಿಪಾರ್‌ಗೆ, ಒಂದು ಚೂರು ಅಸ್ತರ್‌ನವಳಿಗೆ, ಎಲ್ಲರಿಗೂ ಬಂತು. ಸಾಲ್ಕಿನಾಯ್ ತನ್ನ ಪಾಲನ್ನು ಚಹಾದಲ್ಲಿ ಅದ್ದದೆ ಕಟಕಟ ಕಡಿದಳು. ಅಷ್ಟು ಹಸಿವಾಗಿತ್ತು ಅವಳಿಗೆ.

ತಿಂದು ಮುಗಿದ ಮೇಲೆ ಹೋಗಿ ತೋಳಿನ ಮೆಷಿನ್ನಿನ ಮುಂದೆ ಕೂತಳು. "ಬಾ ಜಿಪಾರ್. ಊಟದ ಹೊತ್ತು ಇನ್ನೂ ಮುಗಿದಿಲ್ಲ. ಈ ಹೊತ್ತು ನಿಂದು, ಯಾರ ಅಪ್ಪಂದೂ ಅಲ್ಲ. ತೋಳಿನ ಮೇಲ್ಭಾಗ ಹೀಗೆ ಹಿಡಿ. ಎಳೀಬೇಡ, ಅದೇ ಬರುತ್ತೆ." ಜಿಪಾರ್ ಹಿಡಿದಳು. ಮೊದಲನೆಯದು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದಳು. ಬುರುಲ್ ತನ್ನ ಬಿಸಿ ರೊಟ್ಟಿಗಳ ಮುಂದೆ ಒಬ್ಬಳೇ ಕೂತು ನೋಡುತ್ತಿದ್ದಳು.

ಸಾಲ್ಕಿನಾಯ್ ಹೊರಡುವಾಗ ಊಲ್ಕಾನ್ ಎಜೆ ಹೊಸ ರೊಟ್ಟಿಯೊಂದನ್ನು ತನ್ನ ಬುತ್ತಿಯಿಂದ ತೆಗೆದು ಅವಳ ಬಾಯಿಗೆ ಹಿಡಿದಳು. ಏನೂ ಹೇಳಬೇಕಾಗಲಿಲ್ಲ. ಸಾಲ್ಕಿನಾಯ್ ಬಾಯ್ತುಂಬ ಕಚ್ಚಿದಳು. ಊಲ್ಕಾನ್ ಅದನ್ನು ಬಟ್ಟೆಯಲ್ಲಿ ಕಟ್ಟಿದಳು. ಈ ಸಲ ಗೂಡಿನ ಕಡೆ ಹೋಗದೆ, ಬಾಗಿಲ ಹೊರಗೆ ಬಂದು, ಫಲಕಕ್ಕೆಂದು ಹೊಡೆದಿದ್ದ ಮೊಳೆಗೆ ಗಂಟನ್ನು ತೂಗುಹಾಕಿದಳು.

ಬುರುಲ್ ಓಡಿಬಂದಳು. ಕೀಳಲು ಕೈ ಎತ್ತಿದಳು, ಕೈ ಅಲ್ಲೇ ನಿಂತಿತು. ರೊಟ್ಟಿಯನ್ನು ಕಿತ್ತು ಎಸೆಯುವ ಕೈ ನಮ್ಮಲ್ಲಿ ಯಾರಿಗೂ ಇಲ್ಲ, ಅವಳಿಗೂ ಇರಲಿಲ್ಲ. ಕಚ್ಚಿದವಳು ತಿರುಗಿ ಬಂದು ತಿನ್ನುವವರೆಗೆ ಅದು ಅಲ್ಲೇ ಇರಬೇಕು. ಬೀದಿಯಲ್ಲಿ ಹೋಗುವ ಗಿರಾಕಿಗಳು, ಎದುರಿನ ಗ್ಯಾರೇಜಿನವಳು, ಹುಡುಗಿಯರನ್ನು ಕರೆತರುವ ಅಪ್ಪ ಅಮ್ಮಂದಿರು, ಎಲ್ಲರೂ ಇದೇನು ಎಂದು ಕೇಳುತ್ತಾರೆ, ಒಳಗಿನವರು ಹೇಳುತ್ತಾರೆ.

"ಯಾವಾಗ ಬಂದು ತೆಗೀತೀಯ?" ಎಂದಳು ಬುರುಲ್. ದನಿ ಬಿದ್ದುಹೋಗಿತ್ತು.

"ನಿಮ್ಮ ಹುಡುಗೀರು ಎಡಗಡೆ ಕುರ್ಚೀಲಿ ಕೂತು ಹೊಲಿದ ದಿನ ಕರೆದುಕಳಿಸಿ. ಕಚೇರಿಯವಳಾಗಿ ಅಲ್ಲ, ಸುಮ್ನೆ ಬರ್ತೀನಿ."

"ಅಷ್ಟರಲ್ಲಿ ಅದು ಕಲ್ಲಾಗಿರುತ್ತೆ."

"ಆಗ್ಲಿ ಎಜೆ," ಎಂದಳು ಸಾಲ್ಕಿನಾಯ್, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ನನ್ನ ಹಲ್ಲು ಗಟ್ಟಿಯಾಗೇ ಇದೆ, ಈಗ ನೋಡಿದ್ರಲ್ಲ."